ಮನೆ ಡಾಕ್ಟರು ಆಸ್ಪತ್ರೆಗೆ ಯಾಕೆ ಬರಲ್ಲ? ಅಡ್ಮಿಟ್ ಮಾಡೋ ಅಧಿಕಾರ ಯಾರ ಕೈಲಿದೆ?

ಓಹಾಯೋ ಒಗ್ಗರಣೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನನ್ನ ಹೆಂಡತಿಗೆ ನ್ಯುಮೋನಿಯಾ ಆಗಿ ಇಲ್ಲಿಯ ಆಸ್ಪತ್ರೆಗೆ ಸೇರಿಸಬೇಕಾಯ್ತು. ಈಗ ಹುಷಾರಾಗಿದ್ದಾಳೆ, ಗಾಬರಿ ಬೇಡ. ನನ್ನ ಪ್ರಶ್ನೆ ಬೇರೆ. ನಮ್ಮ ಫ್ಯಾಮಿಲಿ ಡಾಕ್ಟರು ಬಹಳ ವರ್ಷದ ಪರಿಚಯ. ಅವಳ ಆಸ್ತಮಾ, ಥೈರಾಯ್ಡ್, ಯಾವ ಆಂಟಿಬಯಾಟಿಕ್ ಮೈಗೆ ಒಗ್ಗಲ್ಲ, ಎಲ್ಲ ಅವರಿಗೆ ಬಾಯಿಪಾಠ. ಅವರ ಕ್ಲಿನಿಕ್ ಆಸ್ಪತ್ರೆಯ ಮಗ್ಗುಲಲ್ಲೇ ಇದೆ. ಆದರೂ ಆ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದರೆ ಕ್ಲಿನಿಕ್‌ನವರು "ಡಾಕ್ಟರಿಗೆ ಅಲ್ಲಿ ಪ್ರಿವಿಲೇಜ್ ಇಲ್ಲ" ಅಂದುಬಿಟ್ಟರು, ಅಂದರೆ ಆ ಆಸ್ಪತ್ರೆಯಲ್ಲಿ ರೋಗಿಯನ್ನ ಸೇರಿಸಿ ನೋಡಿಕೊಳ್ಳೋ ಅನುಮತಿ ಇಲ್ಲ ಅಂತ.

ಒಳಗೆ ನೋಡಿಕೊಂಡವರು ಹಾಸ್ಪಿಟಲಿಸ್ಟ್ ಅಂತೆ, ಆಸ್ಪತ್ರೆಗೆ ಸೇರಿದವರನ್ನ ಮಾತ್ರ ನೋಡೋ ಡಾಕ್ಟರು. ಒಳ್ಳೆಯವರೇ. ಆದರೆ ನಡುವೆ ಅವರ ಪಾಳಿ ಮುಗಿದು ಇನ್ನೊಬ್ಬರು ಬಂದರು, ನಾವು ಮತ್ತೆ ಮೊದಲಿಂದ ಕಥೆ ಹೇಳಬೇಕಾಯ್ತು. ಡಿಸ್ಚಾರ್ಜ್ ಆಗುವಾಗ ಕೊಟ್ಟ ಮಾತ್ರೆ ಪಟ್ಟಿಯಲ್ಲಿ ಥೈರಾಯ್ಡ್ ಗುಳಿಗೆಯೇ ಇರಲಿಲ್ಲ. ಮೈಸೂರಿನಲ್ಲಿ ನಮ್ಮ ತಂದೆಗೆ ಹುಷಾರು ತಪ್ಪಿದರೆ ಮನೆ ಡಾಕ್ಟರೇ ನರ್ಸಿಂಗ್ ಹೋಮಿಗೆ ಸೇರಿಸಿ, ಸಂಜೆ ಕ್ಲಿನಿಕ್ ಮುಗಿಸಿ ಬಂದು ನೋಡಿಕೊಂಡು ಹೋಗ್ತಿದ್ದರು. ಲೈಸೆನ್ಸ್ ಇರೋ ಡಾಕ್ಟರಿಗೆ ತನ್ನ ಪೇಶೆಂಟನ್ನ ನೋಡೋಕೆ ಇನ್ನೊಬ್ಬರ ಅಪ್ಪಣೆ ಯಾಕೆ? ಇದು ಕಾನೂನೋ, ಇನ್ಶೂರೆನ್ಸಿನವರ ಆಟವೋ?

ಜೋಳದೂರಿನ ಡಾಕ್ಟರು

ಅಯೋವಾದ ಸಣ್ಣ ಊರಲ್ಲಿ ಫ್ಯಾಮಿಲಿ ಮೆಡಿಸಿನ್ ಮಾಡ್ತೀನಿ. ನಮ್ಮ ಆಸ್ಪತ್ರೆಯಲ್ಲಿ ಇವತ್ತಿಗೂ ನನ್ನ ಹೆಸರಲ್ಲೇ ಅಡ್ಮಿಟ್ ಮಾಡ್ತೀನಿ. ಆದ್ದರಿಂದ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಲೈಸೆನ್ಸ್ ಕೊಡೋದು ರಾಜ್ಯ. ಅದರಿಂದ ನೀವು ವೈದ್ಯ ಅಂತಾಯ್ತು, ಅಷ್ಟೇ. ಒಂದು ಆಸ್ಪತ್ರೆಯಲ್ಲಿ ರೋಗಿಯನ್ನ ಸೇರಿಸಿಕೊಂಡು ಆರ್ಡರ್ ಬರೆಯಬೇಕಾದರೆ ಆ ಆಸ್ಪತ್ರೆಯ ಆಡಳಿತ ಮಂಡಳಿ ಒಪ್ಪಬೇಕು. ಅರ್ಜಿ ಹಾಕಿದರೆ ಓದಿದ ಕಾಲೇಜು, ರೆಸಿಡೆನ್ಸಿ ಅನ್ನೋ ತರಬೇತಿ ಮಾಡಿದ ಜಾಗ, ಹಿಂದೆ ಕೆಲಸ ಮಾಡಿದ ಆಸ್ಪತ್ರೆ, ಎಲ್ಲ ಕಡೆಯಿಂದ ಅವರೇ ನೇರವಾಗಿ ಪತ್ರ ತರಿಸ್ತಾರೆ. ನೀವು ಕೊಟ್ಟ ಜೆರಾಕ್ಸ್ ಲೆಕ್ಕಕ್ಕಿಲ್ಲ. ನನ್ನ ಕಡತ ಕರ್ನಾಟಕದ ಕಾಲೇಜಿನ ಒಂದು ಪತ್ರಕ್ಕಾಗಿ ತಿಂಗಳುಗಟ್ಟಲೆ ಕೂತಿತ್ತು. ಅದು ಅರ್ಹತೆ ಪರಿಶೀಲಿಸೋ ಕ್ರೆಡೆನ್ಶಿಯಲ್ಸ್ ಕಮಿಟಿಗೆ, ಅಲ್ಲಿಂದ ಮೆಡಿಕಲ್ ಎಕ್ಸಿಕ್ಯುಟಿವ್ ಕಮಿಟಿಗೆ, ಕೊನೆಗೆ ಬೋರ್ಡಿಗೆ ಹೋಗುತ್ತೆ. ಆಮೇಲೂ ಸಿಗೋದು ಒಂದು ಪಟ್ಟಿ: ಇಂಥಿಂಥದ್ದು ಮಾಡಬಹುದು, ಇಂಥದ್ದು ಕೂಡದು. ನನ್ನ ಪಟ್ಟಿಯಲ್ಲಿ ಸಾಮಾನ್ಯ ವಾರ್ಡಿನ ಅಡ್ಮಿಷನ್, ನಾರ್ಮಲ್ ಹೆರಿಗೆ, ನವಜಾತ ಶಿಶು ಇವೆ. ಸಿಸೇರಿಯನ್ ಇಲ್ಲ. ಎರಡು ವರ್ಷಕ್ಕೊಮ್ಮೆ ಮತ್ತೆ ಎಲ್ಲ ಹೊಸದಾಗಿ ನೋಡ್ತಿದ್ದರು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಜಾಯಿಂಟ್ ಕಮಿಷನ್ ಈಚೆಗೆ ಅದನ್ನ ಮೂರು ವರ್ಷದವರೆಗೆ ಹಿಗ್ಗಿಸಿದೆ.

ಇದೆಲ್ಲ ಇನ್ಶೂರೆನ್ಸ್ ಕಂಪನಿಗಳು ಹುಟ್ಟುಹಾಕಿದ್ದಲ್ಲ. 1917ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಆಸ್ಪತ್ರೆಗಳಿಗೆ ಕನಿಷ್ಠ ಮಟ್ಟ ಅಂತ ಒಂದೇ ಪುಟದ ನಿಯಮ ಬರೆಯಿತು. ಒಳಗೆ ಕೆಲಸ ಮಾಡೋ ವೈದ್ಯರೆಲ್ಲ ಒಂದು ಸಂಘಟಿತ ಮೆಡಿಕಲ್ ಸ್ಟಾಫ್ ಆಗಿರಬೇಕು, ಯೋಗ್ಯರನ್ನ ಮಾತ್ರ ಸೇರಿಸಿಕೊಳ್ಳಬೇಕು, ಪ್ರತಿ ರೋಗಿಯ ದಾಖಲೆ ಇಡಬೇಕು, ಹೀಗೆ. ನೂರು ಹಾಸಿಗೆಗಿಂತ ದೊಡ್ಡ 692 ಆಸ್ಪತ್ರೆಗಳನ್ನ ಹೋಗಿ ನೋಡಿದರೆ ಪಾಸಾಗಿದ್ದು 89. ಫೇಲಾದ ಪಟ್ಟಿಯಲ್ಲಿ ದೊಡ್ಡ ದೊಡ್ಡ ಹೆಸರುಗಳಿದ್ದವು. 1919ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಸಭೆ. ಪಟ್ಟಿ ಪತ್ರಕರ್ತರ ಕೈಗೆ ಸಿಕ್ಕೀತು ಅಂತ ಹೋಟೆಲಿನ ಕುಲುಮೆಗೇ ಹಾಕಿ ಸುಟ್ಟರು! ಸರ್ಜನ್ನರು ಹಾಕಿದ ಈ ಬುನಾದಿಯ ಮೇಲೆಯೇ 1951ರಲ್ಲಿ ಈಗಿನ ಜಾಯಿಂಟ್ ಕಮಿಷನ್ ಎದ್ದಿದ್ದು.

ನಿಮ್ಮ ಡಾಕ್ಟರಿಗೆ ಪ್ರಿವಿಲೇಜ್ ಯಾರೂ ಕಿತ್ತುಕೊಂಡಿರಲಿಕ್ಕಿಲ್ಲ. ಬಹುಪಾಲು ಅವರೇ ಬಿಟ್ಟಿರ್ತಾರೆ. ಅಲ್ಲಿದ್ದರೆ ಎಮರ್ಜೆನ್ಸಿಗೆ ಆನ್ ಕಾಲ್ ಸರದಿ ಹೊರಬೇಕು, ಕಮಿಟಿ ಮೀಟಿಂಗಿಗೆ ಹೋಗಬೇಕು, ವರ್ಷಕ್ಕೆ ಇಂತಿಷ್ಟು ರೋಗಿಗಳನ್ನ ಸೇರಿಸಿ ಕೈ ಪಳಗಿದೆ ಅಂತ ತೋರಿಸಬೇಕು. ವಾರ್ಡಿನಲ್ಲಿ ಒಬ್ಬರೋ ಇಬ್ಬರೋ ರೋಗಿ ಇದ್ದರೆ, ಅವರನ್ನ ನೋಡಿಬರೋ ಹೊತ್ತಿಗೆ ಕ್ಲಿನಿಕ್‌ನಲ್ಲಿ ಹತ್ತು ಜನ ಕಾಯ್ತಿರ್ತಾರೆ. ಲೆಕ್ಕ ಕೂಡಲ್ಲ.

ರಾತ್ರಿಪಾಳಿ

ನಾನು ಟೆಕ್ಸಸ್‌ನಲ್ಲಿ ಹಾಸ್ಪಿಟಲಿಸ್ಟ್, ಮೂಲ ದಾವಣಗೆರೆ. ನಮ್ಮ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ!

ಹಾಸ್ಪಿಟಲಿಸ್ಟ್ ಅನ್ನೋ ಹೆಸರು ಮೊದಲು ಚಲಾವಣೆಗೆ ಬಂದಿದ್ದು 1996ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ರಾಬರ್ಟ್ ವಾಕ್ಟರ್ ಮತ್ತು ಲೀ ಗೋಲ್ಡ್‌ಮನ್ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬರೆದ ಲೇಖನದಲ್ಲಿ. ಇಪ್ಪತ್ತು ವರ್ಷದೊಳಗೆ ಐವತ್ತು ಸಾವಿರ ಜನ ಆದೆವು. ಅಷ್ಟು ಬೇಗ ಬೆಳೆಯೋಕೆ ಕಾರಣ ದುಡ್ಡು ಅಂತ ಎಲ್ಲರೂ ಹೇಳ್ತಾರೆ, ಸುಳ್ಳಲ್ಲ. 1983ರಿಂದ ಮೆಡಿಕೇರ್, ಅಂದರೆ ಹಿರಿಯರಿಗೆ ಸರ್ಕಾರ ಕೊಡೋ ಇನ್ಶೂರೆನ್ಸ್, ಕಾಯಿಲೆಗೆ ಇಂತಿಷ್ಟು ಅಂತ ಗುತ್ತಿಗೆ ಲೆಕ್ಕದಲ್ಲಿ ಆಸ್ಪತ್ರೆಗೆ ಕೊಡೋಕೆ ಶುರುಮಾಡಿತು. ರೋಗಿ ಒಂದು ದಿನ ಹೆಚ್ಚು ಉಳಿದರೆ ಆಸ್ಪತ್ರೆಗೇ ಲುಕ್ಸಾನು. ಆಗ ದಿನವಿಡೀ ಅಲ್ಲೇ ಇದ್ದು ಸ್ಕ್ಯಾನ್ ರಿಪೋರ್ಟ್ ಬಂದ ಗಳಿಗೆಯಲ್ಲೇ ಮುಂದಿನದನ್ನ ತೀರ್ಮಾನ ಮಾಡೋ ಡಾಕ್ಟರು ಬೇಕಾದರು.

ಆದರೆ ರೋಗಿಯ ಕಡೆಯಿಂದಲೂ ನೋಡಿ. ಮನೆ ಡಾಕ್ಟರು ಬೆಳಿಗ್ಗೆ ಏಳಕ್ಕೆ ಬಂದು ಎದೆಗೆ ಸ್ಟೆತ್ ಇಟ್ಟು ಹೋದರು ಅಂದುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಆಕ್ಸಿಜನ್ ಬಿದ್ದರೆ? ನರ್ಸ್ ಫೋನ್ ಮಾಡ್ತಾರೆ, ಅವರು ಕ್ಲಿನಿಕ್‌ನಲ್ಲಿ ಯಾರದೋ ಮಗುವಿಗೆ ಲಸಿಕೆ ಹಾಕ್ತಿರ್ತಾರೆ, ರೋಗಿಯ ಮುಖ ನೋಡದೆ ಫೋನಲ್ಲೇ ಆರ್ಡರ್. ನಾನು ಮೂರು ನಿಮಿಷದಲ್ಲಿ ಹಾಸಿಗೆ ಪಕ್ಕ ಇರ್ತೀನಿ. ನ್ಯುಮೋನಿಯಾದಲ್ಲಿ ಪರಿಚಯಕ್ಕಿಂತ ಆ ಮೂರು ನಿಮಿಷ ದೊಡ್ಡದು.

ಪಾಳಿ ಬದಲಾಗೋ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ನಮ್ಮಲ್ಲಿ ಬಹುತೇಕ ಕಡೆ ಏಳು ದಿನ ಕೆಲಸ, ಏಳು ದಿನ ರಜೆ. ಬದಲಾಗೋ ದಿನ ಅಡ್ಮಿಟ್ ಆಗಿದ್ದವರ ಪಾಡು ಪಾಪ.

ಹುಬ್ಬಳ್ಳಿ ಫಿಜಿಷಿಯನ್

ಓಹಾಯೋದವ್ರು ಊರಿನ ನೆನಪು ತಗದ್ರಲ್ಲ, ಅದಕ್ಕ ಬರ್ಯಾಕತ್ತೀನ್ರಿ. ನಮ್ಮ ಕಡೆ ನರ್ಸಿಂಗ್ ಹೋಮಿನ್ಯಾಗ ಪ್ರಿವಿಲೇಜು, ಕಮಿಟಿ ಅಂತ ಏನೂ ಇದ್ದಿಲ್ಲ. ಮಾಲೀಕ ಡಾಕ್ಟರ್ ಪರಿಚಯ ಇದ್ರ ಆತು. ಎಂಬಿಬಿಎಸ್ ಮಾಡಿದ ಜಿಪಿ ತನ್ನ ಪೇಶೆಂಟ್ ಕರ್ಕೊಂಡ್ ಬರ್ತಿದ್ರು, ಸರ್ಜನ್ನ ಕರಸ್ತಿದ್ರು, ಆಪರೇಷನ್ ಹೊತ್ತಿಗೆ ತಾವೂ ಒಳಗ ನಿಂದರ್ತಿದ್ರು. ಪೇಶೆಂಟಿಗೆ ಧೈರ್ಯ. ಖರೆ.

ಆದ್ರ ಅದರ ಬೆನ್ನಿಗೇ ಇನ್ನೊಂದು ಇತ್ತು, ಅದನ್ನ ಯಾರೂ ನೆನಸ್ಕೊಳ್ಳೂದಿಲ್ಲ. ಕಟ್. ಕಳಿಸಿದ ಡಾಕ್ಟರಿಗೆ ಬಿಲ್ಲಿನ್ಯಾಗ ಪಾಲು. 2002ರ ಮೆಡಿಕಲ್ ಕೌನ್ಸಿಲ್ ನೀತಿಸಂಹಿತೆಯೊಳಗ ಕಮಿಷನ್ ತಗೊಳ್ಳೂದು, ಕೊಡೂದು ಎರಡೂ ನೀತಿಗೆಟ್ಟ ಕೆಲಸ ಅಂತ ಸ್ಪಷ್ಟ ಬರದದ. ಬರದದ್ದು ಬರದಂಗೇ ಐತಿ. ಜಿಪಿ ಕೈಯಾಗ ಪೇಶೆಂಟ್, ಆಸ್ಪತ್ರೆ ಕೈಯಾಗ ಹಾಸಿಗಿ, ನಡುವ ಯಾವ ಲಿಖಿತ ನಿಯಮನೂ ಇಲ್ಲ ಅಂದ್ರ ಆ ಜಾಗಾ ರೊಕ್ಕ ತುಂಬ್ತೈತಿ. ಅಮೆರಿಕಾದವರ ಕಮಿಟಿ, ಕಡತ ನೋಡಿ ನಗಬ್ಯಾಡ್ರಿ. ಅಲ್ಲಿ ಜಿಪಿಗೆ ಅಡ್ಮಿಟ್ ಮಾಡೂ ಹಕ್ಕು ಐತಿ ಅಂದ್ರ ಜವಾಬ್ದಾರಿನೂ ಅವಂದ ಹೆಸರಿನ್ಯಾಗ ಇರ್ತೈತಿ. ನಮ್ಮಲ್ಲಿ ಹಕ್ಕೂ ಇಲ್ಲ, ಜವಾಬ್ದಾರಿನೂ ಇಲ್ಲ, ಬರೇ ಚೀಟಿ.

ಕಡತ ಕೋಣೆ

ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ನಮ್ಮಲ್ಲೂ ಈಗ ಅದೇ ಕಡತ ಬಂದಿದೆ ಡಾಕ್ಟ್ರೇ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕಾದರೆ ಪ್ರತಿ ವೈದ್ಯರ ಕ್ರೆಡೆನ್ಶಿಯಲಿಂಗ್ (ಅರ್ಹತೆ ಪರಿಶೀಲನೆ) ಮತ್ತು ಪ್ರಿವಿಲೇಜಿಂಗ್ ದಾಖಲೆ ಇರಲೇಬೇಕು. ಮೂವತ್ತು ವರ್ಷದಿಂದ ಆಪರೇಷನ್ ಮಾಡ್ತಿರೋ ಹಿರಿಯರ ಹತ್ತಿರ ಹೋಗಿ "ಸರ್, ಈ ಪಟ್ಟಿಯಲ್ಲಿ ನೀವು ಮಾಡೋದಕ್ಕೆಲ್ಲ ಟಿಕ್ ಹಾಕಿ ಸಹಿ ಮಾಡಿ" ಅಂದರೆ ಅವರು ನನ್ನನ್ನ ನೋಡೋ ನೋಟ ಇದೆಯಲ್ಲ!

ಆದರೆ ಪ್ರಾಮಾಣಿಕವಾಗಿ ಹೇಳ್ತೀನಿ, ಆ ಫಾರಂನಲ್ಲಿ ಫ್ಯಾಮಿಲಿ ಡಾಕ್ಟರಿಗೆ ಜಾಗವೇ ಇಲ್ಲ. ನಮ್ಮಲ್ಲಿ ವಿಭಾಗ ಅಂದರೆ ಸ್ಪೆಷಾಲಿಟಿ. ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಅನ್ನೋ ಸ್ನಾತಕೋತ್ತರ ತರಬೇತಿ ಮುಗಿಸಿದ ಒಬ್ಬ ಹುಡುಗಿ ಅರ್ಜಿ ಹಾಕಿದ್ದಳು. ಮೆಡಿಸಿನ್, ಮಕ್ಕಳು, ಹೆರಿಗೆ, ಎಮರ್ಜೆನ್ಸಿ ಎಲ್ಲ ಕಡೆ ತರಬೇತಿ ಆಗಿತ್ತು. ಯಾವ ವಿಭಾಗದ ಮುಖ್ಯಸ್ಥರು ಅವಳ ಪಟ್ಟಿಗೆ ಸಹಿ ಮಾಡಬೇಕು ಅನ್ನೋದೇ ಬಗೆಹರಿಯಲಿಲ್ಲ. ಕೊನೆಗೆ ಮಾಸ್ಟರ್ ಹೆಲ್ತ್ ಚೆಕಪ್ ಕೌಂಟರಿನಲ್ಲಿ ಕೂರಿಸಿದರು.

ಜೋಳದೂರಿನ ಡಾಕ್ಟರು

ಅಯ್ಯೋ, ಓದಿ ಹೊಟ್ಟೆ ಉರೀತು. ಇದೇ ಜಗಳ ಇಲ್ಲೂ ಆಗಿದೆ. ಫ್ಯಾಮಿಲಿ ಮೆಡಿಸಿನ್ ಇಲ್ಲಿ ಒಂದು ಸ್ಪೆಷಾಲಿಟಿ ಅಂತ ಮನ್ನಣೆ ಪಡೆದಿದ್ದೇ 1969ರಲ್ಲಿ. ಆಸ್ಪತ್ರೆಯೊಳಗೆ ಅದಕ್ಕೆ ಪ್ರತ್ಯೇಕ ವಿಭಾಗ ಇದ್ದರೆ ನಮ್ಮ ಪಟ್ಟಿಗೆ ನಮ್ಮವರೇ ಶಿಫಾರಸು ಮಾಡ್ತಾರೆ. ಇಲ್ಲದಿದ್ದರೆ ಹೆರಿಗೆ ಪ್ರಿವಿಲೇಜಿಗೆ ಪ್ರಸೂತಿ ತಜ್ಞರ ಮುಂದೆ, ಕೊಲೊನೋಸ್ಕೊಪಿಗೆ ಗ್ಯಾಸ್ಟ್ರೋದವರ ಮುಂದೆ ಕೈಕಟ್ಟಿ ನಿಲ್ಲಬೇಕು. ಅವರು ಅದೇ ಊರಲ್ಲಿ ಅದೇ ರೋಗಿಗಳಿಗಾಗಿ ನಮ್ಮ ಜೊತೆ ಪೈಪೋಟಿ ಮಾಡೋರು. ಎದುರು ಅಂಗಡಿಯವನ ಕೈಲಿ ಲೈಸೆನ್ಸ್ ಕೇಳಿದ ಹಾಗೆ.

ನಮ್ಮ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಫ್ಯಾಮಿಲಿ ಫಿಜಿಷಿಯನ್ಸ್, ಬಹಳ ಕಾಲದಿಂದ ಹೇಳ್ತಿರೋದು ಇಷ್ಟೇ: ಪ್ರಿವಿಲೇಜ್ ಕೊಡೋವಾಗ ತರಬೇತಿ ನೋಡಿ, ಅನುಭವ ನೋಡಿ, ಈಗಿನ ಕೈಚಳಕ ನೋಡಿ, ಹೆಸರಿನ ಮುಂದೆ ಯಾವ ಸ್ಪೆಷಾಲಿಟಿ ಅಂತ ನೋಡಬೇಡಿ. ಕೆಲವು ಸಣ್ಣ ಊರುಗಳಲ್ಲಿ ಫ್ಯಾಮಿಲಿ ಡಾಕ್ಟರುಗಳೇ ಸಿಸೇರಿಯನ್ ಮಾಡ್ತಾರೆ. ಮಾಡದಿದ್ದರೆ ಅಲ್ಲಿಯ ಹೆರಿಗೆ ವಾರ್ಡೇ ಮುಚ್ಚಬೇಕು.

ವಕೀಲಮ್ಮ

ಕಾನೂನಾ ಅಂತ ಕೇಳಿದ್ದಿರಿ. ಎರಡು ಕೇಸು ಹೇಳ್ತೀನಿ, ಎರಡೂ ವಿರುದ್ಧ ದಿಕ್ಕಿಗೆ ಎಳೆಯೋವು.

ಮೊದಲನೆಯದು ಇಲಿನಾಯ್‌ನ ಡಾರ್ಲಿಂಗ್ ಕೇಸು. 1960ರಲ್ಲಿ ಕಾಲೇಜು ಹುಡುಗನೊಬ್ಬ ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡ. ಆವತ್ತು ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಸರದಿ ಇದ್ದದ್ದು ಒಬ್ಬ ಜನರಲ್ ಪ್ರಾಕ್ಟೀಷನರ್‌ದು. ಅವರು ಪ್ಲಾಸ್ಟರ್ ಹಾಕಿದರು. ಬೆರಳು ಊದಿ ಕಪ್ಪಾದವು, ಹುಡುಗ ನೋವು ಅಂತ ಗೋಳಾಡಿದ, ಮೂಳೆ ತಜ್ಞರನ್ನ ಯಾರೂ ಕರೆಸಲಿಲ್ಲ. ಕೊನೆಗೆ ಬೇರೆ ಆಸ್ಪತ್ರೆಗೆ ಒಯ್ದರೂ ಮೊಣಕಾಲ ಕೆಳಗೆ ತೆಗೆಯಬೇಕಾಯ್ತು. ತಪ್ಪು ಡಾಕ್ಟರದು, ನಾವು ಜಾಗ ಕೊಟ್ಟವರಷ್ಟೇ ಅನ್ನೋ ಆಸ್ಪತ್ರೆಯ ವಾದವನ್ನ 1965ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಳಗೆ ಯಾರು ಏನು ಮಾಡ್ತಿದ್ದಾರೆ ಅಂತ ನೋಡೋದು ಆಸ್ಪತ್ರೆಯ ಸ್ವಂತ ಹೊಣೆ ಅಂತಾಯ್ತು. ಅಲ್ಲಿಂದ ಪ್ರಿವಿಲೇಜ್ ಪಟ್ಟಿಗಳು ಬಿಗಿಯಾದವು.

ಎರಡನೆಯದು ಒರೆಗಾನ್‌ನ ಅಸ್ಟೋರಿಯಾ ಅನ್ನೋ ಊರಿನದು, ಪ್ಯಾಟ್ರಿಕ್ ವಿರುದ್ಧ ಬರ್ಗೆಟ್. ಊರಿಗೆ ಇದ್ದದ್ದು ಒಂದೇ ಆಸ್ಪತ್ರೆ. ಅಲ್ಲಿಯ ಹೆಚ್ಚಿನ ಡಾಕ್ಟರುಗಳು ಒಂದೇ ಕ್ಲಿನಿಕ್‌ನವರು. ಪಾಲುದಾರನಾಗು ಅಂತ ಕರೆದಾಗ ಒಲ್ಲೆ ಅಂದು ತನ್ನದೇ ಪ್ರಾಕ್ಟೀಸ್ ತೆರೆದ ಸರ್ಜನ್ ಮೇಲೆ ಅವರೇ ಕೂತ ಕಮಿಟಿ ತನಿಖೆ ಶುರುಮಾಡಿ ಪ್ರಿವಿಲೇಜ್ ಕಿತ್ತುಹಾಕೋಕೆ ಹೊರಟಿತು. ಅವರು ಕೋರ್ಟಿಗೆ ಹೋದರು, 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಈ ಕೇಸು ಇನ್ನೂ ನಡೀತಿರುವಾಗಲೇ, 1986ರಲ್ಲಿ, ಪ್ರಾಮಾಣಿಕವಾಗಿ ಪರಿಶೀಲನೆ ಮಾಡೋ ಕಮಿಟಿಗಳಿಗೆ ರಕ್ಷಣೆ ಕೊಡೋ ಕಾಯ್ದೆಯನ್ನ ಅಲ್ಲಿಯ ಸಂಸತ್ತು ತಂದಿತು. ಅದರಡಿ ಹುಟ್ಟಿದ್ದೇ ನ್ಯಾಷನಲ್ ಪ್ರಾಕ್ಟೀಷನರ್ ಡೇಟಾ ಬ್ಯಾಂಕ್, 1990ರಿಂದ ನಡೀತಿದೆ. ಕೆಲಸದ ಗುಣಮಟ್ಟದ ಕಾರಣಕ್ಕೆ ಮೂವತ್ತು ದಿನಕ್ಕಿಂತ ಹೆಚ್ಚು ಪ್ರಿವಿಲೇಜ್ ತಡೆದರೆ ಅದರಲ್ಲಿ ದಾಖಲಾಗುತ್ತೆ. ಮುಂದೆ ಎಲ್ಲಿ ಅರ್ಜಿ ಹಾಕಿದರೂ ಅದು ಎದುರಿಗೆ ಬರುತ್ತೆ.

ನಮ್ಮ ದೇಶದ್ದು ಕೇಳಿದರೆ, ವಿಸಿಟಿಂಗ್ ಕನ್ಸಲ್ಟೆಂಟ್ ನಮ್ಮ ನೌಕರರಲ್ಲ ಅಂತ ಆಸ್ಪತ್ರೆಗಳು ಜಾರಿಕೊಳ್ಳೋದನ್ನ 2004ರಲ್ಲಿ ಸವಿತಾ ಗರ್ಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಕಾಯಂ ನೌಕರರೋ ಗುತ್ತಿಗೆಯವರೋ, ರೋಗಿ ನಂಬಿ ಬಂದದ್ದು ಆಸ್ಪತ್ರೆಯನ್ನ. ಹುಬ್ಬಳ್ಳಿ ಡಾಕ್ಟರು ಹೇಳಿದ ಹಳೆಯ ಪರಿಚಯದ ವ್ಯವಸ್ಥೆಗೆ ಆಮೇಲೆ ಆಸ್ಪತ್ರೆ ಮಾಲೀಕರೇ ಹೆದರೋ ಹಾಗಾಯ್ತು.

ರಾತ್ರಿಪಾಳಿ

ವಕೀಲಮ್ಮನವರು ಬಿಟ್ಟ ಇನ್ನೊಂದು ನಾನಿರೋ ರಾಜ್ಯದ್ದೇ. 2013ರಲ್ಲಿ ಟೆಕ್ಸಸ್, ಗರ್ಭಪಾತ ಮಾಡೋ ವೈದ್ಯರಿಗೆ ಮೂವತ್ತು ಮೈಲಿಯೊಳಗಿನ ಯಾವುದಾದರೂ ಆಸ್ಪತ್ರೆಯಲ್ಲಿ ಅಡ್ಮಿಟಿಂಗ್ ಪ್ರಿವಿಲೇಜ್ ಇರಲೇಬೇಕು ಅಂತ ಕಾನೂನು ಮಾಡಿತು. ಕೇಳೋಕೆ ರೋಗಿಯ ಸುರಕ್ಷತೆ. ರಾಜ್ಯದಲ್ಲಿ ಸುಮಾರು 40 ಇದ್ದ ಕ್ಲಿನಿಕ್‌ಗಳು ಅರ್ಧಕ್ಕಿಳಿದವು. ಮೂವತ್ತೆಂಟು ವರ್ಷ ಅನುಭವ ಇದ್ದ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದ ಪ್ರಸೂತಿ ವೈದ್ಯರೊಬ್ಬರಿಗೆ ಸುತ್ತಲಿನ ಏಳು ಆಸ್ಪತ್ರೆಯಲ್ಲಿ ಒಂದೂ ಕೊಡಲಿಲ್ಲ ಅಂತ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. ವರ್ಷಕ್ಕೆ ಇಂತಿಷ್ಟು ಅಡ್ಮಿಷನ್ ಬೇಕು ಅಂತ ಜೋಳದೂರಿನವರು ಬರೆದರಲ್ಲ, ತೊಡಕು ಅದೇ. ತೊಂದರೆ ಆಗೋದೇ ಅಪರೂಪ ಆದ್ದರಿಂದ ಆ ವೈದ್ಯರಿಗೆ ಅಡ್ಮಿಟ್ ಮಾಡೋ ಪ್ರಸಂಗವೇ ಬರಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಅರ್ಹತೆ ಕಮ್ಮಿ! 2016ರಲ್ಲಿ ಕೋರ್ಟ್ ಆ ಕಾನೂನನ್ನ ರದ್ದುಮಾಡಿತು. ಅಷ್ಟರಲ್ಲಿ ಮುಚ್ಚಿದ್ದವು ಮುಚ್ಚಿಯೇ ಹೋಗಿದ್ದವು. ಗರ್ಭಪಾತದ ಸಾಂವಿಧಾನಿಕ ಹಕ್ಕನ್ನೇ ತೆಗೆದುಹಾಕಿದ 2022ರ ಡಾಬ್ಸ್ ತೀರ್ಪಿನ ಮೇಲಂತೂ ಇಲ್ಲಿ ಆ ಚರ್ಚೆಯೇ ಉಳಿದಿಲ್ಲ. ಈ ವಿಷಯದಲ್ಲಿ ಇಲ್ಲಿ ಯಾರೂ ಕಾದಾಡಬೇಡಿ ದಯವಿಟ್ಟು, ಪ್ರಿವಿಲೇಜ್ ಅನ್ನೋದು ಬೇರೆ ಉದ್ದೇಶಕ್ಕೂ ಬಳಕೆ ಆಗುತ್ತೆ ಅನ್ನೋದಕ್ಕೆ ಉದಾಹರಣೆ ಕೊಟ್ಟೆ.

ಟೊರೊಂಟೊ ತುಳುವ

ಒಂದು ಸಣ್ಣ ಸೇರ್ಪಡೆ ಮಾರಾಯ್ರೆ. ಇಲ್ಲಿ ಒಂಟಾರಿಯೊದಲ್ಲಿ ವೈದ್ಯರು ಹೆಚ್ಚಾಗಿ ಆಸ್ಪತ್ರೆಯ ನೌಕರರಲ್ಲ, ಬಿಲ್ ಸರ್ಕಾರಕ್ಕೆ. ಆದರೆ ಒಳಗೆ ಹೋಗಲಿಕ್ಕೆ ಪ್ರಿವಿಲೇಜ್ ಬೇಕೇ ಬೇಕು, ಪಬ್ಲಿಕ್ ಹಾಸ್ಪಿಟಲ್ಸ್ ಆಕ್ಟ್ ಪ್ರಕಾರ ನೇಮಕ ಒಂದು ವರ್ಷಕ್ಕಿಂತ ಹೆಚ್ಚಿಗೆ ಇಲ್ಲ, ಪ್ರತಿ ವರ್ಷ ಹೊಸತು ಮಾಡಬೇಕು. ನಿರಾಕರಿಸಿದರೆ ಮೇಲ್ಮನವಿ ಮಂಡಳಿಗೆ ಹೋಗ್ಲಿಕ್ಕೆ ಆಗ್ತದೆ. ಚಾರ್ಟಿನಲ್ಲಿ "ಮೋಸ್ಟ್ ರೆಸ್ಪಾನ್ಸಿಬಲ್ ಫಿಜಿಷಿಯನ್" ಅಂತ ಒಬ್ಬರ ಹೆಸರು ಇರ್ತದೆ. ನೀವು ಕೇಳಬೇಕಾದ್ದು ಅದೊಂದೇ ಹೆಸರು. ಬಂದು ಹೋಗುವ ಉಳಿದವರೆಲ್ಲ ಸಲಹೆಗೆ.

ಓಹಾಯೋ ಒಗ್ಗರಣೆ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಜೋಳದೂರಿನ ಡಾಕ್ಟ್ರೇ, ಹಾಗಾದರೆ ನೀವು ಮಾತ್ರ ಹೇಗೆ ಇನ್ನೂ ಮಾಡ್ತಿದ್ದೀರಿ? ಲೆಕ್ಕ ಕೂಡಲ್ಲ ಅಂದಿರಿ. ಮತ್ತೆ ನನ್ನಂಥವರು ಈಗ ಮಾಡಬಹುದಾದ್ದು ಏನು?

ಜೋಳದೂರಿನ ಡಾಕ್ಟರು

ನಮ್ಮದು ಕ್ರಿಟಿಕಲ್ ಆಕ್ಸೆಸ್ ಹಾಸ್ಪಿಟಲ್, ಅಂದರೆ ಹಳ್ಳಿಗಾಡಿಗೆಂದೇ ಇರೋ ಸಣ್ಣ ಆಸ್ಪತ್ರೆ. 25 ಹಾಸಿಗೆ ಮೀರೋ ಹಾಗಿಲ್ಲ, ಸರಾಸರಿ ವಾಸ 96 ಗಂಟೆ ದಾಟೋ ಹಾಗಿಲ್ಲ, ಮೆಡಿಕೇರ್ ಖರ್ಚಿನ ಲೆಕ್ಕದ ಮೇಲೆ ಹಣ ಕೊಡುತ್ತೆ. ಅಷ್ಟು ಸಣ್ಣ ಜಾಗಕ್ಕೆ ಬೇರೆ ಹಾಸ್ಪಿಟಲಿಸ್ಟ್ ತಂಡ ಇಡೋದು ಕಷ್ಟ, ಹಾಗಾಗಿ ಕ್ಲಿನಿಕ್, ವಾರ್ಡು, ಎಮರ್ಜೆನ್ಸಿ, ಹೆರಿಗೆ ಎಲ್ಲ ನಾವು ನಾಲ್ಕೈದು ಜನ ಹಂಚಿಕೊಳ್ತೀವಿ. ನಾನು ಇಲ್ಲಿಗೆ ಬಂದದ್ದೂ ಪ್ರೀತಿಯಿಂದೇನಲ್ಲ. ತರಬೇತಿಗೆ ಕೊಡೋ ಜೆ-1 ವೀಸಾ ಮುಗಿದಾಗ ಊರಿಗೆ ವಾಪಸ್ ಹೋಗೋ ಬದಲು ಕಾನ್ರಾಡ್ 30 ಯೋಜನೆಯಲ್ಲಿ ವೈದ್ಯರ ಕೊರತೆ ಇರೋ ಕಡೆ ಮೂರು ವರ್ಷ ಕೆಲಸ ಮಾಡ್ತೀನಿ ಅಂತ ಸಹಿ ಹಾಕಿದ್ದೆ. ಅವಧಿ ಮುಗಿದ ಮೇಲೂ ಉಳಿದುಬಿಟ್ಟೆ. ರಾತ್ರಿಪಾಳಿಯವರ ಮೂರು ನಿಮಿಷದ ವಾದ ನನಗೆ ಒಪ್ಪಿಗೆ. ನನ್ನ ವಾರ್ಡಿನ ರೋಗಿಗೆ ನಡುರಾತ್ರಿ ವೆಂಟಿಲೇಟರ್ ಬೇಕಾದರೆ ಹೆಲಿಕಾಪ್ಟರ್ ಕರೆಸಬೇಕು. ಆದರೆ ಎಂಬತ್ತು ದಾಟಿದ ಅಜ್ಜ "ಆ ಟ್ಯೂಬು ಬೇಡ" ಅಂತ ಎರಡು ವರ್ಷದ ಹಿಂದೆ ಕ್ಲಿನಿಕ್‌ನಲ್ಲಿ ಕೂತು ಹೇಳಿದ್ದು ನನಗೆ ಗೊತ್ತಿರುತ್ತೆ. ದೊಡ್ಡ ಆಸ್ಪತ್ರೆಯಲ್ಲಿ ಅದು ಎಷ್ಟೋ ಸಲ ಯಾವುದೋ ಟ್ಯಾಬಿನೊಳಗೆ ಹೂತಿರುತ್ತೆ. ಹಾಸ್ಪಿಟಲಿಸ್ಟ್ ಬರಬಾರದಿತ್ತು ಅಂತ ನಾನು ಹೇಳಲ್ಲ. ಅವರು ಬಂದಾಗ ನಮ್ಮನ್ನ ಪೂರ್ತಿ ಹೊರಗಿಟ್ಟು ಬಾಗಿಲು ಹಾಕಿದ್ದು ತಪ್ಪು. ಅಡ್ಮಿಟ್ ಮಾಡೋ ಹಕ್ಕು ಇಲ್ಲದಿದ್ದರೂ ಬಂದು ನೋಡಿ, ಚಾರ್ಟ್ ಓದಿ, ನಾಲ್ಕು ಸಾಲು ಬರೆದುಹೋಗೋಕೆ ಅವಕಾಶ ಕೊಡೋ ಸ್ಟಾಫ್ ದರ್ಜೆಗಳು ಎಷ್ಟೋ ಆಸ್ಪತ್ರೆಗಳ ಬೈಲಾದಲ್ಲೇ ಇವೆ. ಆ ಭೇಟಿಗೆ ಸರಿಯಾಗಿ ದುಡ್ಡು ಕೊಡೋರಿಲ್ಲ, ಅದಕ್ಕೇ ಯಾರೂ ಅರ್ಜಿ ಹಾಕಲ್ಲ.

ರಾತ್ರಿಪಾಳಿ

ಅದನ್ನ ನಾನೂ ಒಪ್ತೀನಿ. ಮನೆ ಡಾಕ್ಟರು ಒಂದು ಫೋನ್ ಮಾಡಿದರೆ ನನ್ನ ಅರ್ಧ ಕೆಲಸ ಹಗುರ.

ಓಹಾಯೋದವರೇ, ನಿಮ್ಮ ಕೊನೆಯ ಪ್ರಶ್ನೆಗೆ. ಅಡ್ಮಿಟ್ ಆಗೋವಾಗ ಫಾರಂನಲ್ಲಿ ಪ್ರೈಮರಿ ಡಾಕ್ಟರ ಹೆಸರನ್ನ ಕ್ಲಿನಿಕ್ ವಿಳಾಸ ಸಮೇತ ಸರಿಯಾಗಿ ಬರೆಸಿ. 2021ರಿಂದ, ಎಲೆಕ್ಟ್ರಾನಿಕ್ ದಾಖಲೆ ಇರೋ ಆಸ್ಪತ್ರೆಗಳು ರೋಗಿ ಸೇರಿದಾಗ, ಬಿಡುಗಡೆ ಆದಾಗ ಆ ಡಾಕ್ಟರಿಗೆ ಸೂಚನೆ ಕಳಿಸಬೇಕು ಅಂತ ಮೆಡಿಕೇರ್ ನಿಯಮ ಇದೆ. ಹೆಸರು ತಪ್ಪಿದ್ದರೆ ಅದು ಇನ್ಯಾರದೋ ಇನ್‌ಬಾಕ್ಸಿಗೆ ಹೋಗುತ್ತೆ. ಪಾಳಿ ಬದಲಾಗೋ ದಿನ ಯಾವತ್ತು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಸಾಧ್ಯವಾದರೆ ಹೊಸಬರು ಮೊದಲ ಸಲ ಬರೋ ಹೊತ್ತಿಗೆ ನೀವು ಅಲ್ಲಿರಿ. ಮನೆಯ ಮಾತ್ರೆ ಡಬ್ಬಿಗಳ ಫೋಟೋ ಫೋನಲ್ಲಿರಲಿ. ಡಿಸ್ಚಾರ್ಜ್ ಆದಮೇಲೆ ಏಳು ಅಥವಾ ಹದಿನಾಲ್ಕು ದಿನದೊಳಗೆ ಮನೆ ಡಾಕ್ಟರು ನೋಡಿದರೆ, ಎರಡು ಕೆಲಸದ ದಿನದೊಳಗೆ ಅವರ ಕಡೆಯಿಂದ ಫೋನ್ ಬಂದಿದ್ದರೆ, ಅದಕ್ಕೆ ಮೆಡಿಕೇರ್ 2013ರಿಂದ ಪ್ರತ್ಯೇಕ ಸಂಭಾವನೆ ಕೊಡ್ತಿದೆ. ಎಷ್ಟೋ ಖಾಸಗಿ ಇನ್ಶೂರೆನ್ಸಿನವರೂ ಕೊಡ್ತಾರೆ. ಅದನ್ನ "ಟ್ರಾನ್ಸಿಷನಲ್ ಕೇರ್ ವಿಸಿಟ್" ಅಂತ ಹೆಸರಿಟ್ಟು ಕೇಳಿ, ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತೆ. ನಿಮ್ಮ ಹೆಂಡತಿಯ ಥೈರಾಯ್ಡ್ ಗುಳಿಗೆ ಈಗ ವಾಪಸ್ ಶುರುವಾಗಿದೆ ತಾನೇ?

ಓಹಾಯೋ ಒಗ್ಗರಣೆ

ಆಗಿದೆ. ಪಟ್ಟಿಯಲ್ಲಿ ಇಲ್ಲ ಅಂತ ಕಂಡುಹಿಡಿದಿದ್ದು ಡಾಕ್ಟರೂ ಅಲ್ಲ ನಾನೂ ಅಲ್ಲ, ಫಾರ್ಮಸಿಯವರು. ನಮ್ಮ ಡಾಕ್ಟರ ಅಪಾಯಿಂಟ್‌ಮೆಂಟ್ ಗುರುವಾರಕ್ಕೆ ಸಿಕ್ಕಿದೆ. ಆ ಸ್ಟಾಫ್ ದರ್ಜೆಗೆ ಅರ್ಜಿ ಹಾಕೋ ಮನಸ್ಸಿದೆಯಾ ಅಂತ ಅವರನ್ನೇ ಕೇಳ್ತೀನಿ, ಏನಂತಾರೋ ಬಂದು ಬರೀತೀನಿ.